ಹಳೇ ಎಣ್ಣೆಯ ಹೆಪ್ಪು

"ಪೂರ್ತಿ ಇಳಿಸಪ್ಪಾ, ಒಂದು ಹನೀನೂ ಒಳಗೆ ಉಳೀಬಾರ್ದು."

ಮುಂಬಯಿಯ ಗ್ಯಾರೇಜುಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಬಹುಶಃ ಇದೇ ಇರಬೇಕು. ಕಾರಿನ ಎಣ್ಣೆ ಬದಲಿಸುವ ದಿನ ಬಂತೆಂದರೆ ಸಾಕು, ಮೆಕ್ಯಾನಿಕ್ಕಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಹೊಟ್ಟೆಯಿಂದ ಇಳಿಯುವ ಕರೀ ಧಾರೆಯನ್ನು ನೋಡುತ್ತಾ ಇರುತ್ತಿದ್ದೆ. ಧಾರೆ ಹೋಗಿ ದಾರವಾಗಿ, ದಾರ ಹೋಗಿ ಹನಿಯಾಗಿ, ಹನಿ ಹನಿಗೂ ನಡುವೆ ಐದಾರು ಸೆಕೆಂಡು ಆದಾಗಲೂ ನಟ್ಟು ಹಾಕಲು ಬಿಡುತ್ತಿರಲಿಲ್ಲ. ನನಗೆ ಈ ಹುಚ್ಚು ಹತ್ತಿಸಿದ್ದು ಕುರ್ಲಾದ ಒಬ್ಬ ಹಳೇ ಮೆಕ್ಯಾನಿಕ್. ಒಳಗೆ ಉಳಿದ ಹಳೇ ಎಣ್ಣೆ "ವಿರಜಣ" ಇದ್ದ ಹಾಗೆ ಅಂತ ಅವನು ಮರಾಠಿಯಲ್ಲಿ ಹೇಳಿದ್ದ. ವಿರಜಣ ಅಂದರೆ ನಮ್ಮ ಹೆಪ್ಪು. ಒಂದು ಚಮಚ ಹೆಪ್ಪು ಇಡೀ ಪಾತ್ರೆ ಹಾಲನ್ನು ರಾತ್ರಿ ಬೆಳಗಾಗುವುದರೊಳಗೆ ಮೊಸರು ಮಾಡುವ ಹಾಗೆ, ಉಳಿದ ಹಳೇ ಎಣ್ಣೆ ಹೊಸ ಎಣ್ಣೆಯನ್ನೆಲ್ಲ ಕೆಡಿಸಿಬಿಡುತ್ತೆ ಅಂತ ಅವನ ವಾದ.

ಹೆಪ್ಪಿನ ಮಾತು ಯಾರಿಗೆ ಅರ್ಥವಾಗೋಲ್ಲ ಹೇಳಿ? ನನ್ನ ತಲೆಯಲ್ಲಿ ಅದು ಕೂತೇಬಿಟ್ಟಿತು. ಡೀಸೆಲ್ ಕಾರಿನಲ್ಲಂತೂ ಇವತ್ತು ಜೇನಿನ ಬಣ್ಣದ ಹೊಸ ಎಣ್ಣೆ ಹಾಕಿ, ಒಂದು ಸುತ್ತು ಹೋಗಿ ಬಂದು ಕಡ್ಡಿ ಎಳೆದು ನೋಡಿದರೆ ಆಗಲೇ ಕರೀ ಮಸಿ! ಹೆಪ್ಪು ಹತ್ತಿತು ಅಂತ ನಂಬಲು ಇದಕ್ಕಿಂತ ಸಾಕ್ಷಿ ಬೇಕೆ? ಈ ನಂಬಿಕೆಯಿಂದ ನಾನು ಒಂದು ಎಂಜಿನ್ ಕಳೆದುಕೊಂಡೆ. ಆಮೇಲೆ, ಈ "ಕೊನೆಯ ಹನಿ"ಯ ಭಯ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆಯೇ ಈ ಬರಹ.

ಮೊದಮೊದಲ ಎಂಜಿನ್ನುಗಳಲ್ಲಿ ಎಣ್ಣೆ ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಎಣ್ಣೆ ಒಂದು ಬಟ್ಟಲಿನಿಂದ ಹನಿಹನಿಯಾಗಿ ಬೇರಿಂಗುಗಳ ಮೇಲೆ ಬೀಳುತ್ತಿತ್ತು. ಬಿದ್ದದ್ದು ಸ್ವಲ್ಪ ಸುಟ್ಟುಹೋಗುತ್ತಿತ್ತು, ಉಳಿದದ್ದು ನೆಲಕ್ಕೆ ಸುರಿಯುತ್ತಿತ್ತು. ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಾಗೆ! ಹಾಕುವುದೊಂದೇ ಕೆಲಸ, ತೆಗೆಯುವ ಮಾತಿಲ್ಲ. ಅಂದ ಹಾಗೆ, ನಮ್ಮ ಹರಳೆಣ್ಣೆಗೂ ಮೋಟಾರಿಗೂ ನಂಟು ಹಳೆಯದು. ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟದ್ದು ಅದರಲ್ಲಿ ಕ್ಯಾಸ್ಟರ್, ಅಂದರೆ ಹರಳೆಣ್ಣೆ ಇತ್ತು ಅಂತ. ಹರಳೆಣ್ಣೆ ಬಿಸಿಯಲ್ಲೂ ಜಾರಿಕೆ ಬಿಡುವುದಿಲ್ಲ. ಆದರೆ ಹಳತಾದರೆ ಅಂಟಾಗಿ ಗಟ್ಟಿಯಾಗಿ ಕೂತುಬಿಡುತ್ತದೆ. ದೀಪದ ಕಂಬಕ್ಕೆ ಹಿಡಿದ ಜಿಡ್ಡನ್ನು ಉಜ್ಜಿದವರಿಗೆ ಗೊತ್ತು ಅದರ ಪಾಡು.

ಎಣ್ಣೆಯನ್ನು ಎಂಜಿನ್ನಿನ ತಳದ ತೊಟ್ಟಿಯಲ್ಲಿ ಸೇರಿಸಿಟ್ಟು ಮತ್ತೆ ಮತ್ತೆ ಬಳಸುವ ಕ್ರಮ ಬಂದಮೇಲೆ "ಹಳೇ ಎಣ್ಣೆ" ಅನ್ನುವುದೊಂದು ಹುಟ್ಟಿತು. ಅದನ್ನು ತೆಗೆಯುವ ಚಿಂತೆಯೂ ಜೊತೆಗೇ ಹುಟ್ಟಿತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ ಬಂತಲ್ಲ, ಅದರ ಕೈಪಿಡಿಯಲ್ಲಿ ಇದಕ್ಕೊಂದು ವಿಧಾನವಿದೆ. ಹೊಸ ಕಾರು ನಾನೂರೈನೂರು ಮೈಲಿ ಓಡಿದ ಮೇಲೆ, ಆಮೇಲೆ ಸುಮಾರು ಸಾವಿರ ಮೈಲಿಗೊಮ್ಮೆ ಎಣ್ಣೆ ಇಳಿಸಬೇಕು. ಇಳಿಸಿದ ಮೇಲೆ ಒಂದು ಗ್ಯಾಲನ್ ಸೀಮೆಎಣ್ಣೆ ಸುರಿದು, ಎಂಜಿನ್ನನ್ನು ಕೈಯಿಂದ ಹದಿನೈದಿಪ್ಪತ್ತು ಸುತ್ತು ತಿರುಗಿಸಿ ತೊಳೆಯಬೇಕು. ಆಮೇಲೆ ಆ ಸೀಮೆಎಣ್ಣೆಯನ್ನೂ ಇಳಿಸಬೇಕು. ತೊಟ್ಟಿಯ ತಗ್ಗುಗಳಲ್ಲಿ ನಿಂತ ಸೀಮೆಎಣ್ಣೆ ಪೂರ್ತಿ ಬರಲಿ ಅಂತ ಕಾರನ್ನು ಒಂದು ಚಿಕ್ಕ ಏರಿನ ಮೇಲೆ ನಿಲ್ಲಿಸಬೇಕು ಅಂತಲೂ ಅದರಲ್ಲಿದೆ. ನೂರು ವರ್ಷದ ಹಿಂದೆಯೇ "ಪೂರ್ತಿ ಇಳಿಸಪ್ಪಾ" ಅನ್ನುವ ಮಂದಿ ಇದ್ದರು, ನೋಡಿ!

ಒಂದು ವ್ಯತ್ಯಾಸ ಮಾತ್ರ ಇಲ್ಲಿ ಗಮನಿಸಬೇಕು. ಆ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಕೈಯಿಂದ ತಿರುಗಿಸುತ್ತಿದ್ದರು, ಸ್ಟಾರ್ಟ್ ಮಾಡಿ ಓಡಿಸುತ್ತಿರಲಿಲ್ಲ. ಈ ಮಾತು ಮುಂದೆ ನನಗೆ ದುಬಾರಿಯಾಯಿತು.

ಆಗಿನ ಎಣ್ಣೆ ಬರೀ ಎಣ್ಣೆ. ಅದರಲ್ಲಿ ಬೇರೇನೂ ಸೇರಿಸುತ್ತಿರಲಿಲ್ಲ. ಅದರಲ್ಲಿ ಬಿದ್ದ ಮಸಿ, ಧೂಳು, ಲೋಹದ ಪುಡಿ ಎಲ್ಲ ತಳಕ್ಕೆ ಇಳಿದು ಕೆಸರಾಗಿ ಕೂರುತ್ತಿತ್ತು. ಕಾರುಗಳಲ್ಲಿ ಎಣ್ಣೆ ಸೋಸುವ ಫಿಲ್ಟರ್ ಬಂದದ್ದೇ 1920ರ ದಶಕದಲ್ಲಿ. ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬ ಅಮೆರಿಕದವನು ಮಾಡಿದ ಅದಕ್ಕೆ ಪ್ಯೂರೊಲೇಟರ್ ಅಂತ ಹೆಸರು. ಈಗ ನಾವು ನೋಡುವ, ಡಬ್ಬಿಯ ಹಾಗೆ ತಿರುಗಿಸಿ ಕೂರಿಸುವ ಫಿಲ್ಟರ್ ಬಂದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಎಂಜಿನ್ನಿನ ತಳದ ಕೆಸರು ನಿಜಕ್ಕೂ ಶತ್ರುವೇ. ಅದನ್ನು ತೊಳೆದು ತೆಗೆಯದೆ ಬೇರೆ ದಾರಿ ಇರಲಿಲ್ಲ.

ಇದನ್ನೆಲ್ಲ ತಲೆಕೆಳಗು ಮಾಡಿದ್ದು ಡೀಸೆಲ್.

ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅವನ ಎಂಜಿನ್ ಕಾರಿಗೆ ಇಳಿಯಲು ಸುಮಾರು 40 ವರ್ಷ ಬೇಕಾಯಿತು. 1936ರಲ್ಲಿ ಮರ್ಸಿಡಿಸ್ 260 ಡಿ ಬಂತು, ಅದರಲ್ಲೂ ಬಹಳಷ್ಟು ಟ್ಯಾಕ್ಸಿಗಳಾಗಿ ಓಡಿದವು. ಪೆಟ್ರೋಲಿನಲ್ಲಿ ಇಂಧನ ಮೊದಲೇ ಗಾಳಿಯ ಜೊತೆ ಬೆರೆತು ಉರಿಯುತ್ತದೆ. ಡೀಸೆಲ್ಲಿನಲ್ಲಿ ಹಾಗಲ್ಲ, ಕಾದ ಗಾಳಿಯೊಳಗೆ ತುಂತುರಾಗಿ ಚಿಮ್ಮಿದ ಇಂಧನ ಅಲ್ಲೇ ಉರಿಯುತ್ತದೆ. ಹನಿಯ ನಡುವಿಗೆ ಗಾಳಿ ಸಾಲದೆ ಮಸಿ ಹುಟ್ಟುತ್ತದೆ. ಬಹಳಷ್ಟು ಹೊಗೆಯಾಗಿ ಹೊರಗೆ ಹೋದರೂ ಒಂದು ಪಾಲು ಪಿಸ್ಟನ್ನಿನ ಪಕ್ಕದಿಂದ ಜಾರಿ ಎಣ್ಣೆಗೆ ಸೇರುತ್ತದೆ.

ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರ್ ತಂದಾಗ ಈ ಮಸಿ ಕಾಟ ಕೊಟ್ಟಿತು. ಪಿಸ್ಟನ್ನಿನ ರಿಂಗುಗಳು ಮಸಿ, ಜಿಡ್ಡಿನಲ್ಲಿ ಅಂಟಿಕೊಂಡು ಕೂತುಬಿಡುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಜೊತೆ ಸೇರಿ ಕಂಡುಕೊಂಡ ಉಪಾಯವೆಂದರೆ ಎಣ್ಣೆಯೊಳಗೇ ಸಾಬೂನಿನಂಥ ವಸ್ತು ಬೆರೆಸುವುದು. 1930ರ ದಶಕದ ಮಧ್ಯದಲ್ಲಿ ಹೀಗೆ ಹುಟ್ಟಿದ್ದು ಡಿಟರ್ಜೆಂಟ್ ಎಣ್ಣೆ. ಅದು ಮಸಿಯನ್ನು ಲೋಹಕ್ಕೆ ಅಂಟಲು ಬಿಡುವುದಿಲ್ಲ. ತಳಕ್ಕೆ ಇಳಿಯಲೂ ಬಿಡದೆ, ಕಣಕಣವನ್ನೂ ಎತ್ತಿ ತನ್ನೊಳಗೆ ತೇಲಿಸಿಕೊಂಡು ಇರುತ್ತದೆ. ಎರಡನೇ ಮಹಾಯುದ್ಧದ ಟ್ಯಾಂಕು, ಲಾರಿಗಳ ಜೊತೆ ಇಂಥ ಎಣ್ಣೆ ಜಗತ್ತಿಗೆಲ್ಲ ಹರಡಿತು.

ಈಗ ಅರ್ಥವಾಯ್ತಲ್ಲ? ಹಿಂದಿನ ಎಣ್ಣೆ ಕಪ್ಪಾಗದೆ ಇದ್ದರೆ ಕೊಳೆ ಎಂಜಿನ್ನಿಗೆ ಹತ್ತುತ್ತಿದೆ ಅಂತಲೂ ಇರಬಹುದಿತ್ತು. ಹೊಸ ಕಾಲದ ಡೀಸೆಲ್ ಎಣ್ಣೆ ಬೇಗ ಕಪ್ಪಾದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಕೊಳೆ ಬಿಡಿಸಿದ ನೀರು ಕಪ್ಪಾಯಿತು ಅಂತ ಯಾರಾದರೂ ಸಾಬೂನನ್ನು ಬೈಯುತ್ತಾರೆಯೇ? ಆದರೂ ನಮ್ಮ ಕಣ್ಣು ಹಳೇ ಕಾಲದ್ದೇ. ಕಪ್ಪು ಕಂಡರೆ ಕೆಟ್ಟಿತು ಅಂತಲೇ ಓದುತ್ತದೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಡೀಸೆಲ್ ಎಂಜಿನ್ನಿನ ವಿದ್ಯೆ ಬೆಳೆದದ್ದು ಲಾರಿಗಳಿಂದ. ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಕಾರಿಗೆ ಡೀಸೆಲ್ ಬಂದದ್ದು 1980ರ ಸುಮಾರಿಗೆ, ಅಂಬಾಸಡರ್ ಮೂಲಕ. ನಮ್ಮ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ ಡೀಸೆಲ್ ಪದ್ಮಿನಿ ಹೊರಬಂದದ್ದು 1990ರ ದಶಕದಲ್ಲಿ. 1998ರ ಕೊನೆಗೆ ಪುಣೆಯ ಟಾಟಾ ಇಂಡಿಕಾ ಬಂದಮೇಲೆ ಡೀಸೆಲ್ ಕಾರು ಮಧ್ಯಮವರ್ಗದ ಮನೆಯಂಗಳಕ್ಕೂ ಬಂತು. ಲಾರಿ ಗ್ಯಾರೇಜಿನಲ್ಲಿ ಕಲಿತವರೇ ಈ ಕಾರುಗಳನ್ನೂ ನೋಡಿಕೊಂಡರು. ಸೀಮೆಎಣ್ಣೆ ಹಾಕಿ ತೊಳೆಯುವ ವಿದ್ಯೆಯೂ ಅವರ ಜೊತೆಗೇ ಬಂತು.

ಅವರ ಭಯಕ್ಕೆ ಕಾರಣ ಇಲ್ಲದೆಯೂ ಇರಲಿಲ್ಲ. ಆಗಿನ ನಮ್ಮ ಡೀಸೆಲ್ಲಿನಲ್ಲಿ ಗಂಧಕ ಬಹಳ, ನೂರಕ್ಕೆ ಒಂದು ಪಾಲಿನವರೆಗೂ ಇರಬಹುದಿತ್ತು. ಗಂಧಕ ಉರಿದು ನೀರಿನಾವಿಯ ಜೊತೆ ಸೇರಿದರೆ ಆಮ್ಲ. ಆ ಆಮ್ಲವನ್ನು ಸಾಯಿಸಲೆಂದೇ ಎಣ್ಣೆಯಲ್ಲಿ ಕ್ಷಾರದ ವಸ್ತು ಬೆರೆಸಿರುತ್ತಾರೆ. ಅದು ತೀರಿದ ಮೇಲೆ ಎಣ್ಣೆ ಎಂಜಿನ್ನನ್ನು ಕಾಯಲಾರದು. ಹಾಗಾಗಿ ಆ ದಿನಗಳಲ್ಲಿ ಬೇಗಬೇಗ ಎಣ್ಣೆ ಬದಲಿಸಬೇಕಿತ್ತು. 2020ರ ಏಪ್ರಿಲ್‌ನಿಂದ ದೇಶದ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿದಿದೆ. ಹೋಲಿಸಿ ನೋಡಿ, ಸಾವಿರ ಪಟ್ಟು ಕಡಿಮೆ!

ಇನ್ನು ನನ್ನ ಕಥೆ. 2005ರ ಜುಲೈ 26 ಮುಂಬಯಿಯವರ್‍ಯಾರೂ ಮರೆಯುವ ದಿನವಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಕಲೀನಾದ ನಮ್ಮ ಕಟ್ಟಡದ ಕೆಳಗೆ ನಿಂತಿದ್ದ ನನ್ನ ಡೀಸೆಲ್ ಕಾರು ಕಿಟಕಿಯವರೆಗೆ ಮುಳುಗಿತ್ತು. ಸದ್ಯ, ಸ್ಟಾರ್ಟ್ ಮಾಡಲು ಹೋಗಿರಲಿಲ್ಲ. ಗ್ಯಾರೇಜಿಗೆ ಎಳೆಸಿಕೊಂಡು ಹೋದಾಗ ಎಂಜಿನ್ನಿನ ತಳದಿಂದ ಮೊದಲು ನೀರು, ಆಮೇಲೆ ಹಾಲು ಹೆಚ್ಚಾದ ಕಾಫಿಯಂಥ ಎಣ್ಣೆ ಇಳಿಯಿತು. ನೀರು ಬೆರೆತ ಎಣ್ಣೆಗೆ ಬೇರಿಂಗುಗಳನ್ನು ಕಾಯುವ ಶಕ್ತಿ ಇರುವುದಿಲ್ಲ. ಮೆಕ್ಯಾನಿಕ್ ಅಗ್ಗದ ಹೊಸ ಎಣ್ಣೆ ಹಾಕಿದ, ಸ್ವಲ್ಪ ಹೊತ್ತು ಓಡಿಸಿದ, ಇಳಿಸಿದ. ಮತ್ತೆ ಹಾಕಿದ, ಮತ್ತೆ ಇಳಿಸಿದ. ಮೂರನೆಯ ಸಲಕ್ಕೆ ಎಣ್ಣೆ ಶುದ್ಧ ಬಂತು.

ಕಾರು ಬದುಕಿತು. ಆದರೆ ಒಳಗೆ ಏನೋ ಉಳಿದಿದೆ ಅನ್ನುವ ಅನುಮಾನ ಮಾತ್ರ ನನ್ನನ್ನು ಬಿಡಲಿಲ್ಲ. ಹೆಪ್ಪಿನ ಮಾತು ಬೇರೆ ತಲೆಯಲ್ಲಿತ್ತಲ್ಲ! ಮರುವರ್ಷ ಊರಿಗೆ ಹೊರಡುವ ಹಿಂದಿನ ದಿನ ಎಣ್ಣೆ ಬದಲಿಸುವಾಗ, ಎರಡು ಲೀಟರ್ ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಎಂಜಿನ್ ಓಡಿಸಿ ತೊಳೆಯಿರಿ ಅಂತ ನಾನೇ ಹಟ ಹಿಡಿದೆ. ಹುಡುಗ ಬೇಡ ಅನ್ನಲಿಲ್ಲ, ಹೇಳಿದ್ದನ್ನು ಮಾಡಿದ. ಇಳಿದದ್ದು ಕರೀ ನೀರಿನಂತಿತ್ತು. ನನಗೋ ಪರಮಾನಂದ!

ಮಾರನೆಯ ದಿನ ಪುಣೆ ದಾಟಿ ಖಂಬಾಟ್ಕಿ ಘಾಟ್ ಹತ್ತುವಾಗ ಎಣ್ಣೆಯ ಕೆಂಪು ದೀಪ ಮಿಣಕ್ ಅಂತು. ಮೊದಲು ಮಿಟುಕಿತು, ಆಮೇಲೆ ಹತ್ತಿಕೊಂಡೇ ಇತ್ತು. ಏರಿನ ಮೇಲೆ ನಿಲ್ಲಿಸಲು ಜಾಗ ಸಿಗದೆ ಒಂದೆರಡು ಕಿಲೋಮೀಟರ್ ಹಾಗೇ ಓಡಿಸಿದೆ. ಅಷ್ಟರಲ್ಲಿ ಒಳಗಿನಿಂದ ಕುಟ್ಟಿದ ಸದ್ದು. ಸಾತಾರಾದ ಗ್ಯಾರೇಜಿನಲ್ಲಿ ತಳದ ತೊಟ್ಟಿ ಬಿಚ್ಚಿದ ಹಿರಿಯ ಮೆಕ್ಯಾನಿಕ್ ನನ್ನನ್ನು ಕರೆದು ತೋರಿಸಿದ. ಎಣ್ಣೆ ಹೀರುವ ಕೊಳವೆಯ ಬಾಯಿಯ ಜಾಲರಿ ಕರೀ ಕೆಸರಿನಿಂದ ಮುಚ್ಚಿಹೋಗಿತ್ತು. ನನಗಿಂತ ಮೊದಲಿನ ಯಜಮಾನನ ಕಾಲದಿಂದ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕೆಸರು ಅದು. ಅದನ್ನು ಸೀಮೆಎಣ್ಣೆ ಸಡಿಲ ಮಾಡಿತ್ತು. ಎಬ್ಬಿಸಿತ್ತೇ ಹೊರತು ಹೊರಗೆ ತಂದಿರಲಿಲ್ಲ. ಜೊತೆಗೆ ತಗ್ಗುಗಳಲ್ಲಿ ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡಿತ್ತು. ಹಳೇ ಎಣ್ಣೆಯ ಕೊನೆಯ ಹನಿ ತೆಗೆಯಲು ಹೋಗಿ ಸೀಮೆಎಣ್ಣೆಯ ಕೊನೆಯ ಹನಿಯನ್ನು ಒಳಗೆ ಬಿಟ್ಟಿದ್ದೆ.

"ಬರೋಲ್ಲ ಅನ್ನೋ ಎಣ್ಣೆ ಒಳಗೇ ಇರ್ಲಿ ಸಾಹೇಬ್ರೆ, ಅದು ಏನೂ ಮಾಡೋಲ್ಲ" ಅಂದ ಆತ. ಬೇರಿಂಗು, ಕ್ರ್ಯಾಂಕು ಎಲ್ಲ ಹೋಗಿತ್ತು. ರಿಪೇರಿಗೆ ಎರಡು ತಿಂಗಳ ಸಂಬಳ ಹೋಯಿತು. ಅದು ಹೋಗಲಿ, ನಾನು ಹೊರಟಿದ್ದದ್ದು ಅಪ್ಪನ ಮೊದಲ ವರ್ಷದ ತಿಥಿಗೆ. ಸಾತಾರಾದಿಂದ ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ತಮ್ಮ ಎಲ್ಲ ಮುಗಿಸಿ ಎಲೆ ಎತ್ತುತ್ತಿದ್ದ.

ಆ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಒಂದು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ನೀವೂ ನೋಡಿ.

ಎಂಜಿನ್ನಿಗೆ 5 ಲೀಟರ್ ಎಣ್ಣೆ ಹಿಡಿಯುತ್ತದೆ ಅಂದುಕೊಳ್ಳಿ. ಎಷ್ಟೇ ಇಳಿಸಿದರೂ ಎಣ್ಣೆಯ ಕಾಲುವೆಗಳಲ್ಲಿ, ಕೂಲರಿನಲ್ಲಿ, ತೊಟ್ಟಿಯ ತಗ್ಗಿನಲ್ಲಿ ಅರ್ಧ ಲೀಟರ್ ಉಳಿಯಿತು ಅನ್ನಿ. ನೂರಕ್ಕೆ ಹತ್ತು. ಒಂದು ಅವಧಿಯಲ್ಲಿ ಎಣ್ಣೆಗೆ ಸೇರುವ ಕೊಳೆ 100 ಅಂತ ಇಟ್ಟುಕೊಂಡರೆ, ಮೊದಲ ಬದಲಾವಣೆಯಲ್ಲಿ 10 ಉಳಿಯುತ್ತದೆ. ಮುಂದಿನ ಅವಧಿಯ ಕೊನೆಗೆ 110, ಅದರಲ್ಲಿ ಉಳಿಯುವುದು 11. ಆಮೇಲೆ 111, ಉಳಿಯುವುದು 11.1. ಹೀಗೆ ನೂರು ವರ್ಷ ಬದಲಿಸಿದರೂ ಕೊಳೆ 112 ಮುಟ್ಟುವುದಿಲ್ಲ! ಹೆಪ್ಪಾಗಿದ್ದರೆ ಬೆಳೆಯಬೇಕಿತ್ತು. ಹೆಪ್ಪಿನಲ್ಲಿ ಜೀವವಿದೆ, ಹಾಲು ತಿಂದು ಅದು ಮರಿ ಹಾಕುತ್ತದೆ. ಹಳೇ ಎಣ್ಣೆಯ ಮಸಿಗೆ ಜೀವವಿಲ್ಲ. ಇದ್ದಷ್ಟೇ ಇರುತ್ತದೆ, ಹೊಸ ಎಣ್ಣೆಯಲ್ಲಿ ತೆಳುವಾಗುತ್ತದೆ.

ಅವಸರದಲ್ಲಿ, ಎಂಜಿನ್ ತಣ್ಣಗಿದ್ದಾಗ, ಫಿಲ್ಟರ್ ಬದಲಿಸದೆ ಒಂದು ಲೀಟರ್ ಉಳಿಸಿದಿರಿ ಅನ್ನಿ. ಆಗಲೂ ಕೊಳೆ 125 ದಾಟುವುದಿಲ್ಲ. ಆದರೆ ಬದಲಿಸುವುದನ್ನೇ ಮುಂದೂಡಿ ಎರಡು ಪಟ್ಟು ದೂರ ಓಡಿಸಿದರೆ? ನೇರವಾಗಿ 200. ಕೊನೆಯ ಹನಿಗಾಗಿ ಗ್ಯಾರೇಜಿನಲ್ಲಿ ಜಗಳವಾಡಿ, ಮುಂದಿನ ಸಲ ಮೂರು ತಿಂಗಳು ತಡಮಾಡುವ ನನ್ನಂಥವರು ಓದಬೇಕಾದ ಲೆಕ್ಕ ಇದು.

ನೀರು ಹೊಕ್ಕಾಗ, ತಪ್ಪು ಎಣ್ಣೆ ಹಾಕಿದಾಗ ಮಾತ್ರ ಹಳೆಯದು ನಿಜಕ್ಕೂ ಪೂರ್ತಿ ಹೋಗಬೇಕು. ಅದಕ್ಕೂ ಇದೇ ಲೆಕ್ಕವೇ ಮದ್ದು. ಪ್ರತಿ ಸಲ ಹತ್ತನೇ ಒಂದು ಪಾಲು ಉಳಿದರೆ, ಒಂದು ಸಲಕ್ಕೆ ನೂರಕ್ಕೆ ಹತ್ತು, ಎರಡು ಸಲಕ್ಕೆ ನೂರಕ್ಕೆ ಒಂದು, ಮೂರು ಸಲಕ್ಕೆ ಸಾವಿರಕ್ಕೆ ಒಂದು. 2005ರ ಪ್ರವಾಹದಲ್ಲಿ ಆ ಮೆಕ್ಯಾನಿಕ್ ಮೂರು ಸಲ ಮಾಡಿದ್ದು ಅದನ್ನೇ. ಎಣ್ಣೆಯನ್ನು ಎಣ್ಣೆಯಿಂದಲೇ ತೊಳೆದಿದ್ದ. ನಾನು ಪಕ್ಕದಲ್ಲೇ ನಿಂತು ನೋಡಿಯೂ ಕಲಿಯಲಿಲ್ಲ.

ಹಾಗಂತ ಹೇಗೆ ಬೇಕಾದರೂ ಇಳಿಸಿ ಅಂತಲ್ಲ. ಹದಿನೈದಿಪ್ಪತ್ತು ನಿಮಿಷ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಇಳಿಸಬೇಕು. ಬಿಸಿ ಎಣ್ಣೆ ತೆಳ್ಳಗಿರುತ್ತದೆ, ಮಸಿಯೂ ಅದರಲ್ಲೇ ತೇಲುತ್ತಿರುತ್ತದೆ. ನಿಲ್ಲಿಸಿದ ಮೇಲೆ ಐದು ನಿಮಿಷ ಬಿಟ್ಟರೆ ಮೇಲಿನದು ತೊಟ್ಟಿಗೆ ಇಳಿಯುತ್ತದೆ. ಮೈ ಕೈ ಸುಟ್ಟುಕೊಳ್ಳದ ಹಾಗೆ ಎಚ್ಚರ ಬೇಕು. ಕಾರು ಸಮತಟ್ಟಾಗಿ ನಿಂತಿರಲಿ. ಮುಂದಿನ ಗಾಲಿ ಮಾತ್ರ ಎತ್ತಿದಾಗ ಇಳಿಸುವ ತೂತು ಮೇಲ್ಬದಿಗೆ ಬಂದರೆ ತಗ್ಗಿನಲ್ಲಿ ಎಣ್ಣೆ ನಿಂತುಬಿಡುತ್ತದೆ. ಎಣ್ಣೆ ತುಂಬುವ ಮುಚ್ಚಳ ತೆಗೆದಿಟ್ಟರೆ ಗಾಳಿ ಆಡಿ ಧಾರೆ ಸಲೀಸಾಗಿ ಬರುತ್ತದೆ. ಹದಿನೈದು ನಿಮಿಷ ಸಾಕು. ಫಿಲ್ಟರ್ ಮಾತ್ರ ಪ್ರತಿ ಸಲ ಹೊಸದು. ಅದರ ಹೊಟ್ಟೆಯಲ್ಲೇ ಸುಮಾರು ಕಾಲು ಲೀಟರ್ ಹಳೇ ಎಣ್ಣೆ ಇರುತ್ತದೆ, ಆ ಕಾಲು ಲೀಟರಿನ ಮುಂದೆ ಕೊನೆಯ ಹನಿಗಳದ್ದು ಯಾವ ಲೆಕ್ಕ?

ಕೆಲವು ಕಡೆ ಕಡ್ಡಿಯ ತೂತಿನಿಂದ ಕೊಳವೆ ಇಳಿಸಿ ಪಂಪಿನಿಂದ ಎಣ್ಣೆ ಹೀರುತ್ತಾರೆ. ಇದು ದೋಣಿಗಳಿಂದ ಬಂದ ಹಳೇ ವಿದ್ಯೆ, ದೋಣಿಯ ಎಂಜಿನ್ನಿನ ಕೆಳಗೆ ಪಾತ್ರೆ ಇಡಲು ಜಾಗವೆಲ್ಲಿ? ಕೊಳವೆ ತೊಟ್ಟಿಯ ತಗ್ಗಾದ ಜಾಗಕ್ಕೆ ಮುಟ್ಟಿದರೆ ಇದೂ ಚೆನ್ನಾಗಿ ಕೆಲಸ ಮಾಡುತ್ತದೆ, ಮುಟ್ಟದಿದ್ದರೆ ಇಲ್ಲ.

ಇಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ನಾನು ಅಷ್ಟು ವರ್ಷ ಒಮ್ಮೆಯೂ ಕೇಳಿರಲಿಲ್ಲ. ಪ್ರವಾಹ ಇಳಿದ ಮೇಲೆ ನಮ್ಮ ಕಟ್ಟಡದ ಗೋಡೆಯ ಮೇಲೆ ನೀರು ನಿಂತ ಎತ್ತರಕ್ಕೆ ಒಂದು ಕರೀ ಜಿಡ್ಡಿನ ಗೆರೆ ಇತ್ತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಬಳಸಿದ ಎಣ್ಣೆ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. 2023ರಲ್ಲಿ ತಿದ್ದಿದ ನಿಯಮದಂತೆ, 2024ರ ಏಪ್ರಿಲ್‌ನಿಂದ ಅದನ್ನು ವಾಪಸು ಸಂಗ್ರಹಿಸಿ ಶುದ್ಧಿ ಮಾಡಿಸುವ ಹೊಣೆ ಎಣ್ಣೆ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಇದೆ. ಸರಿಯಾಗಿ ಶುದ್ಧಿ ಮಾಡಿದರೆ ಅದೇ ಎಣ್ಣೆ ಮತ್ತೆ ಎಂಜಿನ್ನಿಗೆ ಬರುತ್ತದೆ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಆಯುಸ್ಸು ಮುಗಿಯಿತು. ಡೀಸೆಲ್ ಕಾರುಗಳೂ ಒಂದೊಂದಾಗಿ ಕಡಿಮೆಯಾಗುತ್ತಿವೆ. ನಾನು ಈಗಲೂ ಎಣ್ಣೆ ಬದಲಿಸುವ ದಿನ ಗ್ಯಾರೇಜಿನಲ್ಲಿ ಕೂರುತ್ತೇನೆ, ಅಭ್ಯಾಸ ಬಿಡಬೇಕಲ್ಲ. ಧಾರೆ ದಾರವಾಗುವುದನ್ನು, ದಾರ ಹನಿಯಾಗುವುದನ್ನು ನೋಡುತ್ತೇನೆ. ಹುಡುಗ ತಲೆಯೆತ್ತಿ "ಹಾಕ್ಲಾ?" ಅಂತ ಕಣ್ಣಲ್ಲೇ ಕೇಳುತ್ತಾನೆ. ಇನ್ನೂ ಹನಿ ಬೀಳುತ್ತಲೇ ಇರುತ್ತದೆ.

"ಹಾಕು" ಅನ್ನುತ್ತೇನೆ. ಆಮೇಲೆ ಫಿಲ್ಟರ್ ಹೊಸದು ಹಾಕಿದನೋ ಇಲ್ಲವೋ ಅಂತ ಬಗ್ಗಿ ನೋಡುತ್ತೇನೆ.